ಎಡಗಡೆ ಸೀಟಿನ ಮಾಸ್ತರರು ಕೊಂಡ ಕಾರು

ಹುಬ್ಬಳ್ಳಿಯಲ್ಲಿ ಗದಿಗೆಪ್ಪ ಹಾದಿಮನಿ ಎಂಬ ಡ್ರೈವಿಂಗ್ ಮಾಸ್ತರರಿದ್ದರು. ಇಪ್ಪತ್ತೇಳು ವರ್ಷ ಅವರು ಜನರಿಗೆ ಕಾರು ಕಲಿಸಿದ್ದರು. ಊರಿನ ಅರ್ಧ ಮಂದಿ ಅವರ ಪಕ್ಕದಲ್ಲಿ ಕೂತೇ ಸ್ಟೀರಿಂಗ್ ಹಿಡಿದವರು. ಉಳಿದರ್ಧ ಮಂದಿ ಎಲ್ಲಿ ಕಲಿತರೋ ದೇವರಿಗೇ ಗೊತ್ತು. ಅವರು ಓಡಿಸುವುದನ್ನು ಒಮ್ಮೆ ನೋಡಿದರೆ ನೀವೂ ಹಾಗೇ ಅನ್ನುತ್ತೀರಿ.

ಇಷ್ಟು ವರ್ಷ ಕಾರಿನಲ್ಲೇ ಕಳೆದರೂ ಮಾಸ್ತರರು ಸ್ವತಃ ಓಡಿಸಿದ್ದು ಕಡಿಮೆ. ಬಲಗಡೆ ಕೂರುವವರು ಶಿಷ್ಯರು, ಎಡಗಡೆ ಸೀಟು ಅವರದು. ಯಾರದೇ ಕಾರು ಬಂದು ನಿಂತರೂ ಅವರ ಕಾಲು ತಾನಾಗಿ ಎಡಬಾಗಿಲಿನತ್ತ ನಡೆಯುತ್ತಿತ್ತು. ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು. ಕ್ಲಚ್, ಗೇರ್, ಕನ್ನಡಿ, ಸಿಗ್ನಲ್, ತಿರುವು ಎಂದು ಗೆರೆ ಹೊಡೆದು ಪ್ರತಿಯೊಬ್ಬರಿಗೂ ಹತ್ತಕ್ಕೆ ಇಷ್ಟು ಎಂದು ಮಾರ್ಕು ಬರೆಯುತ್ತಿದ್ದರು. ಮಾರ್ಕು ಕೊಡುವುದರಲ್ಲಿ ಮಹಾ ಜಿಪುಣರು. ಏಳು ಸಿಕ್ಕವನು ಮನೆಗೆ ಫೇಡೆ ಒಯ್ಯುತ್ತಿದ್ದ.

ಈ ಮಾಸ್ತರರಿಗೆ ಒಂದು ಆಸೆ ಇತ್ತು. ಎರಡೇ ಬಾಗಿಲಿನ, ಎರಡೇ ಸೀಟಿನ, ನೆಲಕ್ಕೆ ತಗ್ಗಿ ಕೂತಂಥ ಒಂದು ಸ್ಪೋರ್ಟ್ಸ್ ಕಾರು ಬೇಕು. ಹೊಸದನ್ನು ಕೇಳಲು ಶೋರೂಮಿನ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಯಾರಾದರೂ ಓಡಿಸಿ ಬಿಟ್ಟದ್ದೇ ಆಗಬೇಕು. ಹನ್ನೊಂದು ವರ್ಷ ಕೂಡಿಸಿ ಐದೂವರೆ ಲಕ್ಷ ಮಾಡಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಹೆಂಡತಿ ಮಹಾನಂದಾ ರೊಟ್ಟಿ ಮಾರಿ ಉಳಿಸಿದ್ದು. ಆಕೆ ಎಂಟು ಹೆಂಗಸರನ್ನು ಕಟ್ಟಿಕೊಂಡು ಮನೆಯ ಹಿಂದಿನ ಶೆಡ್ಡಿನಲ್ಲಿ ಜೋಳದ ಖಡಕ್ ರೊಟ್ಟಿ ಮಾಡಿಸುತ್ತಿದ್ದಳು.

ದುಡ್ಡು ಕೈಗಿಡುವಾಗ ಮಹಾನಂದಾ ಒಂದೇ ಮಾತು ಹೇಳಿದಳು.

"ಬಣ್ಣ ನಿಮ್ಮಿಷ್ಟ, ಕಂಪನಿ ನಿಮ್ಮಿಷ್ಟ. ಆದ್ರ ಗಾಡಿ ನಂಬಿಗಿದು ಇರಬೇಕು ನೋಡ್ರಿ. ನಿಮ್ಮ ಸ್ಕೂಲಿನ ಹಳೇ ಗಾಡಿ ತಳ್ಳಿ ತಳ್ಳಿ ನನ್ನ ರಟ್ಟಿ ಬಿದ್ದು ಹೋಗ್ಯಾವು. ಮತ್ತೊಂದ್ ಗಾಡಿ ತಳ್ಳಾಕ ನನ್ನ ಕಡೆ ಆಗೂದಿಲ್ಲ."

ಮಾಸ್ತರರು ಮೀಸೆಯಲ್ಲೇ ನಕ್ಕರು. "ಇಪ್ಪತ್ತೇಳು ವರ್ಷ ಗಾಡ್ಯಾಗ ಕುಂತಾಂವ ನಾನು. ನಂಗ ಯಾರ್ ಟೋಪಿ ಹಾಕ್ತಾರ?"

ಹಾಗೆಂದರು ನಿಜ, ಆದರೆ ಒಳಗೊಳಗೆ ಅಳುಕಿತ್ತು. ಇಂಥ ಗಾಡಿ ಕೊಳ್ಳುವುದು ಜೀವನದಲ್ಲಿ ಒಂದೇ ಸಲ. ಕೆಟ್ಟದ್ದು ಬಂದು ಕುಳಿತರೆ ರಿಪೇರಿಗೆ ಹಾಕಲು ಇನ್ನೊಂದು ಹನ್ನೊಂದು ವರ್ಷ ಎಲ್ಲಿಂದ ತರುವುದು? ಮೇಲಾಗಿ ಊರಿಗೆಲ್ಲ ಕಾರು ಕಲಿಸಿದ ಮಾಸ್ತರನೇ ಮೋಸಹೋದ ಎಂದರೆ ಶಿಷ್ಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ.

ಅವರು ನೋಡಲು ಹೋದ ಮೊದಲ ಕಾರು ಗೋಕುಲ ರಸ್ತೆಯಲ್ಲಿ ಹಳೇ ಕಾರುಗಳ ವ್ಯಾಪಾರ ಮಾಡುವ ಉಲ್ಲಾಸನದು. ಕೆಂಪೆಂದರೆ ಕೆಂಪು. ಮೈಮೇಲೆ ಒಂದು ಗೀರಿಲ್ಲ. ಮಾಸ್ತರರು ಹೋಗಿ ಮುಟ್ಟುವುದರೊಳಗೇ ಬಾನೆಟ್ಟು ಬಿಸಿಯಾಗಿತ್ತು, ಎಂಜಿನ್ನು ಗುರ್ ಅನ್ನುತ್ತಿತ್ತು.

"ನಿಮ್ಮಂಥವರು ಬರ್ತೀರಿ ಅಂತ ಮೊದಲೇ ಚಾಲೂ ಮಾಡಿ ಇಟ್ಟೀನ್ರಿ ಮಾಸ್ತರ. ಬರ್ರಿ, ಒಂದ್ ಸುತ್ತು ಹೋಗೂಣು," ಎಂದ ಉಲ್ಲಾಸ.

ಮಾಸ್ತರರು ಎಲ್ಲಿ ಕೂತರೆಂದು ನಾನು ಹೇಳಬೇಕಾಗಿಲ್ಲ. ಎಡಗಡೆ ಕೂತರು, ನೋಟ್‌ಬುಕ್ಕು ತೆಗೆದರು, ಉಲ್ಲಾಸ ಓಡಿಸಿದ.

ಆಹಾ, ಏನು ಓಡಿಸಿದ ಅಂತೀರಿ! ಕ್ಲಚ್ಚು ಬಿಟ್ಟದ್ದು ಗೊತ್ತಾಗಲಿಲ್ಲ. ಕಾರು ಹರಿದುಕೊಂಡು ಹೊರಟಿತು. ಒಂದನೇ ಗೇರಿನಲ್ಲಿ ತುಸು ಎಳೆದು ಸೀದಾ ಮೂರಕ್ಕೆ ಹಾಕಿದ. ಸಾಮಾನ್ಯದವರು ಹಾಗೆ ಮಾಡಿದರೆ ಗಾಡಿ ಕೆಮ್ಮುತ್ತದೆ. ಇವನ ಕೈಯಲ್ಲಿ ಒಂದು ಚೂರೂ ಅಲುಗಲಿಲ್ಲ. ರಸ್ತೆಗೆ ಅಡ್ಡ ಹಂಪು ಬಂದರೆ ಮುಂಚಿತವಾಗಿಯೇ ಕಾಲು ಎತ್ತುತ್ತಿದ್ದ. ಸಿಗ್ನಲ್ಲಿನ ಹತ್ತಿರ ಪೂರ್ತಿ ನಿಲ್ಲದೆ, ಹಸಿರು ಬೀಳುವ ಹೊತ್ತಿಗೆ ಸರಿಯಾಗಿ ತೆವಳಿಕೊಂಡು ಬಂದು ಮತ್ತೆ ಮೂರರಲ್ಲೇ ಎತ್ತಿಕೊಂಡ. ಬೈಪಾಸಿಗೆ ಹೋಗಿ ಬರುವಷ್ಟರಲ್ಲಿ ಮಾಸ್ತರರ ಮೈ ಜುಮ್ಮೆಂದಿತ್ತು. ತಾವು ಕಲಿಸಿದ ಒಬ್ಬ ಶಿಷ್ಯನೂ ಹೀಗೆ ಓಡಿಸಿದ್ದಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನೋಟ್‌ಬುಕ್ಕಿನಲ್ಲಿ ಒಂಬತ್ತೂವರೆ ಬಿತ್ತು.

ಉಲ್ಲಾಸ ಐದೂವರೆ ಲಕ್ಷ ಕೇಳಿದ. ನಾಳೆ ಬಂದು ಮುಂಗಡ ಕೊಡುತ್ತೇನೆ ಎಂದು ಮಾಸ್ತರರು ಕೈ ಕುಲುಕಿದರು.

ಎರಡನೇ ಕಾರು ಧಾರವಾಡದ್ದು. ಅದೇ ಮಧ್ಯಾಹ್ನ ಅದನ್ನು ನೋಡಲು ಹೋದದ್ದು ಬರೀ ಮಾತು ಕೊಟ್ಟಿದ್ದಕ್ಕೆ. ಅದರ ಒಡತಿ ವಿಜಯಮಾಲಾ, ದನಗಳ ಡಾಕ್ಟರು. ಆರು ವರ್ಷದ ಹಿಂದೆ ಮಾಸ್ತರರ ಬಳಿಯೇ ಕಲಿತವಳು. ಎಲ್ಲರೂ ಇಪ್ಪತ್ತು ದಿನಕ್ಕೆ ಕಲಿತರೆ ಈಕೆಗೆ ನಲವತ್ತೊಂದು ದಿನ ಹಿಡಿದಿತ್ತು. ಅಷ್ಟಾದರೂ ಕೈ ಕೂತಿರಲಿಲ್ಲ.

ಕಾರು ಅದೂ ಎರಡೇ ಸೀಟಿನದು, ಬಣ್ಣ ಬೂದಿ. ಮುಂದಿನ ಬಂಪರು ಒಂದು ಕಡೆ ಚಪ್ಪಟೆ.

"ಅದು ನಾನ ಗೇಟಿಗೆ ಹೊಡದದ್ದು ಸರ, ಎರಡು ಸಲ," ಎಂದಳು ಡಾಕ್ಟರು, ಕೇಳುವ ಮುಂಚೆಯೇ. "ಏಸಿ ಬ್ಯಾಸಿಗ್ಯಾಗ ಸಾಲೂದಿಲ್ಲ. ಎಡಗಡೆ ಕಿಟಕಿ ಮೆಲ್ಲಕ ಏರತೈತಿ. ಕ್ಲಚ್ ಪ್ಲೇಟು ಹ್ವಾದ ವರ್ಷ ಹೊಸಾದು ಹಾಕ್ಸೀನಿ, ಅದೂ ನಂದ ತಪ್ಪು. ಎಲ್ಲಾ ಈ ಫೈಲಿನ್ಯಾಗ ಐತ್ರಿ."

ದಪ್ಪ ಫೈಲನ್ನು ಮುಂದೆ ಹಿಡಿದಳು. ದನಗಳಿಗೆ ಚೀಟಿ ಬರೆಯುವ ಹಾಗೇ ಕಾರಿಗೂ ಬರೆದಿದ್ದಳು. ಯಾವ ದಿನ ಯಾವ ತೊಂದರೆ, ಯಾರು ನೋಡಿದರು, ಏನು ಹಾಕಿದರು, ಎಲ್ಲ. ಮಾಸ್ತರರು ಅದನ್ನು ತೆರೆಯದೆ ತೊಡೆಯ ಮೇಲಿಟ್ಟುಕೊಂಡು ಎಡಗಡೆ ಕೂತರು.

ಮುಂದೆ ನಡೆದದ್ದನ್ನು ಅವರು ಎಷ್ಟೋ ದಿನ ಮರೆಯಲಿಲ್ಲ. ಕಾರು ಎರಡು ಸಲ ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಮೂರನೇ ಸಲ ಹೊರಟಿತು. ಡಾಕ್ಟರು ಅರ್ಧ ಕ್ಲಚ್ಚು ಒತ್ತಿಕೊಂಡೇ ಏರು ಹತ್ತಿಸಿದಳು. ಎರಡನೇ ಗೇರಿಗೆ ಹಾಕುವಾಗ ಅದರ ಜೊತೆ ಕುಸ್ತಿಗೇ ಬಿದ್ದಳು. ಹಂಪನ್ನು ನೋಡಿದ್ದು ಹಂಪು ದಾಟಿದ ಮೇಲೆ. ಮಾಸ್ತರರ ತಲೆ ಮೇಲಿನ ತಗಡಿಗೆ ಬಡಿಯಿತು. ನೋಟ್‌ಬುಕ್ಕು ತೆರೆದರು. ಮೂರು ಎಂದು ಬರೆದರು, ಅದೂ ಪರಿಚಯದ ಮುಲಾಜಿಗೆ.

"ನೀವ ಒಂದ್ ಸುತ್ತು ಹೊಡೀರಿ ಸರ," ಎಂದಳು ಡಾಕ್ಟರು.

"ಬ್ಯಾಡ ಬಿಡ್ರಿ ಡಾಕ್ಟರ. ನನಗ ಗೊತ್ತಾತು," ಎಂದು ಮಾಸ್ತರರು ಫೈಲನ್ನು ಹಿಂದಕ್ಕೆ ಕೊಟ್ಟು ಬಸ್ಸು ಹತ್ತಿದರು.

ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ ಎಲ್ಲ ಹೇಳಿದರು. ಕೆಂಪು ಕಾರಿನ ಮಾತು ಬಂದಾಗ ಅವರ ಕಣ್ಣು ಹೊಳೆಯುತ್ತಿತ್ತು. ಬೂದಿ ಕಾರಿನ ಮಾತಿಗೆ ತಲೆ ಸವರಿಕೊಂಡರು. ಮಹಾನಂದಾ ನೋಟ್‌ಬುಕ್ಕು ಇಸಕೊಂಡು ಎರಡೂ ಹಾಳೆಗಳನ್ನು ನಿಧಾನವಾಗಿ ಓದಿದಳು.

"ರೀ, ಕ್ಲಚ್ಚು ಬಿಡೂದಕ್ಕ ಮಾರ್ಕು. ಗೇರ್ ಹಾಕೂದಕ್ಕ ಮಾರ್ಕು. ಕನ್ನಡಿ ನೋಡೂದಕ್ಕ ಮಾರ್ಕು. ಇದ್ರಾಗ ಗಾಡಿದು ಎಲ್ಲೈತಿ?"

"ಅಂದ್ರ?"

"ಇವೆಲ್ಲಾ ಓಡಿಸಿದವರ ಮಾರ್ಕು. ನೀವು ಗಾಡಿ ನೋಡಾಕ ಹೋಗಿದ್ರೋ, ಅವ್ರ ಪರೀಕ್ಷಾ ತಗೊಳ್ಳಾಕ ಹೋಗಿದ್ರೋ?"

ಮಾಸ್ತರರು ಚಹಾದ ಬಟ್ಟಲನ್ನು ಬಾಯಿಯವರೆಗೆ ಒಯ್ದವರು ಹಾಗೇ ಹಿಡಿದರು.

"ಚಲೋ ಓಡಿತು ಅಂದ್ರ ಗಾಡಿ ಚಲೋ ಅಂತಲ್ಲೇನು?" ಎಂದರು ಕೊನೆಗೆ.

ಮಹಾನಂದಾ ನಕ್ಕಳು. "ಹೊಸ ಜ್ವಾಳದ ಚೀಲ ಬಂದಾಗ ನಾ ಏನ್ ಮಾಡ್ತೀನಿ, ಎಂದಾರ ನೋಡೀರೇನು? ಆ ಹಿಟ್ಟು ನಾ ಮುಟ್ಟೂದಿಲ್ಲ. ನಮ್ಮಲ್ಲಿ ಹಳಬಾಕಿ ಪಾರವ್ವಗೂ ಕೊಡೂದಿಲ್ಲ. ಪಾರವ್ವನ ಕೈಯಾಗ ಹಳಸಲು ಹಿಟ್ಟಿಂದೂ ಹುಣ್ಣಿವಿ ಚಂದ್ರನಂಥಾ ರೊಟ್ಟಿ ಬರ್ತಾವು. ಅದರ ಮ್ಯಾಲೆ ಜ್ವಾಳ ಹೆಂಗ ಗೊತ್ತಾಗಬೇಕು? ಕೆಲಸಕ್ಕ ಎಲ್ಲಾರಕಿಂತ ಕಡೀಗೆ ಸೇರಿದಾಕಿ ಯಾರ ಇರ್ತಾಳಲ್ಲ, ಆಕಿಗಿ ಕೊಡ್ತೀನಿ. ಬಡಿಯಾಕ ಬರದಾಕಿ ಬಡದರೂ ರೊಟ್ಟಿ ಅಂಚು ಒಡೀಲಿಲ್ಲ ಅಂದ್ರ, ಆ ಜ್ವಾಳದಾಗ ಜಿಗಿ ಐತಿ ಅಂತ ಅರ್ಥ. ಆವಾಗ ಹತ್ತು ಚೀಲ ತರಸ್ತೀನಿ."

ಇಪ್ಪತ್ತು ವರ್ಷ ಆ ಶೆಡ್ಡಿನ ಮುಂದೆಯೇ ಕಾರು ನಿಲ್ಲಿಸಿದ್ದರೂ ಮಾಸ್ತರರು ಈ ಸಂಗತಿಯನ್ನು ಕಂಡಿರಲಿಲ್ಲ. ಅವರಿಗೆ ಒಮ್ಮೆಲೇ ಬಿಸಿಯಾಗಿದ್ದ ಬಾನೆಟ್ಟು ನೆನಪಾಯಿತು. ಒಂದರಿಂದ ಮೂರಕ್ಕೆ ಹಾರಿದ ಗೇರು ನೆನಪಾಯಿತು. ಅದಕ್ಕೆ ತಾವು ಅರ್ಧ ಮಾರ್ಕು ಹೆಚ್ಚಿಗೆ ಕೊಟ್ಟದ್ದೂ ನೆನಪಾಯಿತು. ಚಹಾದ ಬಟ್ಟಲನ್ನು ಕೆಳಗಿಟ್ಟರು.

ಮರುದಿನ ಬೆಳಿಗ್ಗೆ, ಉಲ್ಲಾಸ ಇನ್ನೂ ಬಾಗಿಲು ಎತ್ತುತ್ತಿದ್ದ ಹೊತ್ತಿಗೇ ಗಂಡಹೆಂಡತಿ ಅಲ್ಲಿ ಹಾಜರಾದರು. ಮಾಸ್ತರರು ಬಾನೆಟ್ಟಿನ ಮೇಲೆ ಕೈಯಿಟ್ಟರು. ತಣ್ಣಗಿತ್ತು.

"ಇವತ್ತು ನಮ್ಮನಿಯಾಕಿ ಹೊಡೀತಾಳ," ಎಂದರು.

ಉಲ್ಲಾಸನ ಮುಖ ಸ್ವಲ್ಪ ಇಳಿಯಿತು. "ಅಕ್ಕಾರಿಗೆ ಯಾಕ ತ್ರಾಸು? ನೀವ ಹೊಡೀರಲ್ಲ ಮಾಸ್ತರ."

"ನಾ ಹೊಡದ್ರ ನನ್ನ ಕೈ ಗಾಡಿ ಪರವಾಗಿ ನಿಲ್ಲತೈತಿ. ಆಕಿ ಹೊಡೀಲಿ."

ಮಹಾನಂದಾಗೆ ಲೈಸೆನ್ಸ್ ಇತ್ತು, ರೂಢಿ ಇರಲಿಲ್ಲ. ಸೀರೆಯ ನೆರಿಗೆ ಒಟ್ಟುಮಾಡಿ ಆ ತಗ್ಗಿನ ಸೀಟಿನಲ್ಲಿ ಇಳಿದು ಕೂತಳು. ಉಲ್ಲಾಸ ಬಿಡದೆ ಎಡಗಡೆ ಕೂತ. ಇದ್ದದ್ದೇ ಎರಡು ಸೀಟು, ಹಾಗಾಗಿ ಮಾಸ್ತರರು ರಸ್ತೆಯ ಬದಿಗೆ ನಿಂತರು. ಕಾರಿನ ಹೊರಗೆ ನಿಂತು ಒಂದು ಕಾರನ್ನು ನೋಡಿ ಅವರಿಗೆ ಎಷ್ಟು ವರ್ಷವಾಗಿತ್ತೋ.

ಕೀಲಿ ತಿರುಗಿಸಿದಾಗ ಎಂಜಿನ್ನು ನಾಲ್ಕು ಸಲ ಗೊಣಗಿ ಐದನೇ ಸಲಕ್ಕೆ ಹತ್ತಿತು. ಹಿಂದಿನಿಂದ ನೀಲಿ ಹೊಗೆ ಬಂತು. ಮಹಾನಂದಾ ಒಂದನೇ ಗೇರಿನಲ್ಲಿ ಇಪ್ಪತ್ತು ಮಾರು ಹೋದಳು. ಗಂಡ ಕಲಿಸಿದ ಪಾಠದ ಪ್ರಕಾರ ಒಂದಾದ ಮೇಲೆ ಎರಡು. ಕೈ ಗೇರಿಗೆ ಹೋಯಿತು.

"ಅಕ್ಕಾರ, ಎರಡಕ್ಕ ಹಾಕಬ್ಯಾಡ್ರೀ!" ಎಂದು ಉಲ್ಲಾಸ ಕಿರುಚಿದ.

ಆ ಕೂಗು ರಸ್ತೆ ಬದಿಯ ಮಾಸ್ತರರಿಗೆ ಸ್ಪಷ್ಟವಾಗಿ ಕೇಳಿತು. ಅಷ್ಟರಲ್ಲಿ ಕಲ್ಲು ಅರೆದಂಥ ಸದ್ದಾಯಿತು, ಗೇರಿನ ಕೋಲು ಟಕ್ಕನೆ ಹಿಂದಕ್ಕೆ ಸಿಡಿಯಿತು, ಕೆಂಪು ಕಾರು ರಸ್ತೆಯ ನಡುವೆ ನಿಂತುಬಿಟ್ಟಿತು.

ಮಾಸ್ತರರು ಕಿಟಕಿಯ ಹತ್ತಿರ ನಡೆದು ಬಂದರು. "ಯಾಕೋ ತಮ್ಮಾ, ಎರಡಕ್ಕ ಯಾಕ ಹಾಕಬಾರದು?"

ಉಲ್ಲಾಸ ಗೇರಿನ ಕೋಲನ್ನೇ ನೋಡುತ್ತ ಕೂತ. ಮಾಸ್ತರರು ಅವನ ಮೇಲೆ ರೇಗಲಿಲ್ಲ. ಆ ಗೇರನ್ನು ಅಷ್ಟು ಚಂದವಾಗಿ ತಪ್ಪಿಸಿದವನಿಗೆ ಮಾರ್ಕು ಕೊಟ್ಟವರು ತಾವೇ ಅಲ್ಲವೇ? ಹೆಂಡತಿಯನ್ನು ಕೈಹಿಡಿದು ಆ ತಗ್ಗಿನ ಸೀಟಿನಿಂದ ಎಬ್ಬಿಸಿ, ಅವಳೊಂದಿಗೆ ಸೀದಾ ಧಾರವಾಡದ ಬಸ್ಸು ಹತ್ತಿದರು.

ಅಂದು ಬೂದಿ ಕಾರಿನ ಹತ್ತಿರ ಮಾಸ್ತರರು ಬೇರೆಯೇ ಮನುಷ್ಯರಾಗಿದ್ದರು. ತಣ್ಣನೆಯ ಎಂಜಿನ್ನು ಚಾಲೂ ಮಾಡಿಸಿ ಹೊಗೆ ನೋಡಿದರು. ನೆಲಕ್ಕೆ ಬಗ್ಗಿ ಎಣ್ಣೆ ಸೋರಿದೆಯೇ ಎಂದು ನೋಡಿದರು. ಮಹಾನಂದಾಳ ಕೈಗೆ ಸ್ಟೀರಿಂಗ್ ಕೊಟ್ಟು, ಎರಡನೇ ಗೇರಿಗೆ ಮೂರು ಸಲ ಹಾಕಿಸಿದರು. ಒಳಗೆ ಬೆಣ್ಣೆಯ ಹಾಗೆ ಇಳಿಯಿತು. ಆಮೇಲೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಆ ದಪ್ಪ ಫೈಲನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿದರು. ಆರು ವರ್ಷದ ಎಣ್ಣೆ ಬದಲಿಸಿದ ಚೀಟಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಕೊನೆಗೆ ಗುರುತಿನ ಮೆಕ್ಯಾನಿಕ್ಕನ ಬಳಿ ಒಯ್ದು ಗಾಡಿಯನ್ನು ಮೇಲೆತ್ತಿಸಿ ತಳವನ್ನೆಲ್ಲ ನೋಡಿಸಿದರು. ಅವನು ಟೈರು ಬದಲಿಸಬೇಕು ಎಂದ, ಬೇರೇನೂ ಹೇಳಲಿಲ್ಲ.

ಡಾಕ್ಟರು ಕೇಳಿದ ಬೆಲೆ ನಾಲ್ಕೂಮುಕ್ಕಾಲು ಲಕ್ಷ. ಮಿಕ್ಕ ದುಡ್ಡು ಟೈರಿಗೆ, ಏಸಿಗೆ, ಬಂಪರಿಗೆ ಸಾಕಾಗಿ ಇನ್ನೂ ಉಳಿಯುತ್ತಿತ್ತು. ಮಾಸ್ತರರು ಚೌಕಾಸಿ ಮಾಡಲಿಲ್ಲ.

"ಒಂದ್ ಮಾತು ಕೇಳ್ತೀನಿ ಡಾಕ್ಟರ," ಎಂದರು. "ಕೊಳ್ಳಾಕ ಬಂದಾಂವಗ ಮೊದಲ ಕುಂದು ಯಾಕ ಹೇಳಿದ್ರಿ? ಸುಮ್ಮನಿದ್ರ ಇನ್ನೊಂದಿಷ್ಟು ರೊಕ್ಕ ಬರ್ತಿತ್ತು."

"ಬ್ಯಾನಿ ಮುಚ್ಚಿಟ್ಟು ಎತ್ತು ಮಾರ್ತಾರ್ರಿ ಸರ," ಎಂದಳು ಡಾಕ್ಟರು. "ಮಾರಿದಾಂವ ನನ್ನ ಹತ್ರ ಬರೂದಿಲ್ಲ. ಕೊಂಡಾಂವ ಬರ್ತಾನ, ಎಂಟು ದಿನಕ್ಕ, ಅಳಕೋತ. ಅವ್ರ ಮುಖ ನೋಡಿ ನೋಡಿ ಸಾಕಾಗೇತಿ."

ಮಾಸ್ತರರು ತಲೆ ತಗ್ಗಿಸಿದರು. ನಿನ್ನೆ ಈಕೆಗೆ ಮೂರು ಮಾರ್ಕು ಕೊಟ್ಟದ್ದನ್ನು ಹೇಳಿಬಿಡಬೇಕು ಅನ್ನಿಸಿತು, ಹೇಳಿಬಿಟ್ಟರು. "ನಿಮ್ಮ ಓಡಿಸೂದು ನೋಡಿ ಗಾಡಿನ ಬ್ಯಾಡ ಅಂದಿದ್ದೆ. ತಪ್ಪಾತು."

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. "ಸಿಟ್ಟಾಗೂದಿಲ್ಲ ಅಂದ್ರ ನಾನೂ ಒಂದು ಹೇಳ್ತೀನಿ," ಎಂದಳು. "ನಿಮ್ಮ ಸ್ಕೂಲ್ ಗಾಡ್ಯಾಗ ನಿಮ್ಮ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದೂವಲ್ಲ. ನಾ ತಪ್ಪೂಕಿಂತ ಮೊದಲ ನೀವು ಒತ್ತಿಬಿಡ್ತಿದ್ರಿ. ನಲವತ್ತೊಂದು ದಿನ ಒಂದ್ ಸಲಾನೂ ಗಾಡಿ ನಿಲ್ಲಲಿಲ್ಲ. ನನಗ ಓಡಿಸಾಕ ಬಂತು ಅಂತ ತಿಳಕೊಂಡಿದ್ನಿ. ಇದನ್ನ ತಂದ ಮರುದಿನ ಗೊತ್ತಾತು ನೋಡ್ರಿ, ಓಡಿಸ್ತಿದ್ದದ್ದು ನೀವು ಅಂತ. ಆಮ್ಯಾಲೆ ಕೇಳಾಕ ನಾಚಿಕಿ ಬಂತು."

ಮಹಾನಂದಾ ಗಂಡನ ಮುಖ ನೋಡಿದಳು. ಆ ಮುಖ ಸಣ್ಣದಾಗಿತ್ತು.

ಎರಡನೇ ಗೇರಿಲ್ಲದ ಕಾರನ್ನು ಉಲ್ಲಾಸ ಒಂದು ದಿನ ಚಂದವಾಗಿ ಓಡಿಸಿ ತೋರಿಸಿದ್ದ. ತಾವೂ ಇಪ್ಪತ್ತೇಳು ವರ್ಷ ಅದನ್ನೇ ಮಾಡುತ್ತ ಬಂದದ್ದಲ್ಲವೇ ಎಂದು ಮಾಸ್ತರರಿಗೆ ಹೊಳೆಯಿತು. ಶಿಷ್ಯರ ತಪ್ಪು ಶಿಷ್ಯರಿಗೇ ಕಾಣದ ಹಾಗೆ ಕಾಲಿನಿಂದ ಒತ್ತಿ, ಎಷ್ಟು ಜನರನ್ನು ಹಾಗೇ ರಸ್ತೆಗೆ ಬಿಟ್ಟಿದ್ದರೋ. ಊರಲ್ಲಿ ಅಡ್ಡಾದಿಡ್ಡಿ ಓಡಿಸುವವರೆಲ್ಲ ಬೇರೆಯವರ ಶಿಷ್ಯರು ಎಂದು ನಗುತ್ತಿದ್ದದ್ದೂ ನೆನಪಿಗೆ ಬಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

"ಡಾಕ್ಟರ, ಬರ್ರಿ," ಎಂದರು ಕಡೆಗೆ. "ಗಾಡಿ ಈಗ ನಂದು. ಇಲ್ಲೇ ಬಾಜೂ ಮೈದಾನದಾಗ ನೀವು ಓಡಸ್ರಿ."

"ಹಾಳು ಮಾಡೇನು ಸರ!"

"ಆರು ವರ್ಷ ನಿಮ್ಮನ್ನ ತಡಕೊಂಡೈತಿ. ಇನ್ನೊಂದ್ ತಾಸು ತಡಕೋತೈತಿ."

ಮಾಸ್ತರರು ಎಡಗಡೆ ಕೂತರು. ಡಾಕ್ಟರು ಕ್ಲಚ್ಚು ಬಿಟ್ಟಳು, ಕಾರು ಕುಪ್ಪಳಿಸಿ ನಿಂತಿತು. ಮಾಸ್ತರರು ಎರಡೂ ಕೈ ಕಟ್ಟಿಕೊಂಡರು. ಮತ್ತೆ ನಿಂತಿತು. ಅವರು ಹಲ್ಲು ಕಚ್ಚಿ ಕಿಟಕಿಯ ಹೊರಗೆ ನೋಡಿದರು. ಯಾಕೆ ನಿಂತಿತು ಎಂದು ಡಾಕ್ಟರು ತಾನೇ ಯೋಚಿಸಿದಳು. ಮೂರನೇ ಸಲವೂ ನಿಂತಿತು. ನಾಲ್ಕನೇ ಸಲ ಆಕೆ ಉಸಿರು ಬಿಗಿಹಿಡಿದು, ಪಾದವನ್ನು ಬೆರಳಷ್ಟು ಬೆರಳಷ್ಟೇ ಎತ್ತಿದಳು. ಕಾರು ಒಂದಿಷ್ಟೂ ಅಲುಗದೆ ಮುಂದೆ ಸರಿಯಿತು. ಮೈದಾನದ ತುದಿಯವರೆಗೆ ಹೋಗಿ ನಿಧಾನವಾಗಿ ತಿರುಗಿತು.

ಡಾಕ್ಟರಿಗೆ ನಂಬಿಕೆಯೇ ಬರಲಿಲ್ಲ. "ಸರ, ಖರೇ ಹೇಳ್ರಿ. ನೀವ ಒತ್ತಿದ್ರಿ ಹೌದಿಲ್ಲೊ?"

"ಬಗ್ಗಿ ನೋಡ್ರಿ ಡಾಕ್ಟರ," ಎಂದರು ಮಾಸ್ತರರು. "ಈ ಗಾಡ್ಯಾಗ ನನ್ನ ಕಾಲ ಕೆಳಗ ಏನೂ ಇಲ್ಲ."

ನೀತಿ: ಪಳಗಿದ ಕೈ ಎಂಥ ಕುಂದನ್ನೂ ಮುಚ್ಚಬಲ್ಲದು. ಆದ್ದರಿಂದ ಏನನ್ನಾದರೂ ಕೊಳ್ಳುವಾಗ ತೋರಿಸುವವನ ಜಾಣತನಕ್ಕೆ ಮರುಳಾಗದೆ ವಸ್ತುವನ್ನೇ ನೋಡಿ. ತಮ್ಮ ಕುಂದನ್ನು ತಾವೇ ಹೇಳುವವರನ್ನು ನಂಬಿ. ಯಾರಿಗಾದರೂ ಕಲಿಸುವಾಗ ಅವರ ತಪ್ಪನ್ನು ನೀವು ಮುಚ್ಚಬೇಡಿ. ತನ್ನ ತಪ್ಪು ತನಗೆ ಕಂಡವನು ಮಾತ್ರ ಕಲಿಯುತ್ತಾನೆ.